ಒಳಗೆ ನೋಡದೆ ಕೊಂಡ ವಠಾರ

ಸತ್ಯಮೂರ್ತಿ ಮೇಷ್ಟ್ರ ಅಕ್ಷರ ಬಹಳ ದುಂಡಗಿತ್ತು. ನಾನು ಮೋಸ ಹೋದದ್ದು ಅಲ್ಲಿಂದಲೇ ಶುರು. ಅಕ್ಷರ ಚೆನ್ನಾಗಿರುವವರು ಸುಳ್ಳು ಬರೆಯುವುದಿಲ್ಲ ಎಂದು ನನಗೆ ಯಾರು ಹೇಳಿಕೊಟ್ಟಿದ್ದರೋ ಗೊತ್ತಿಲ್ಲ. ಶಿಡ್ಲಘಟ್ಟದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂಬತ್ತು ವರ್ಷ ಕೂತು ಊರಿನವರ ಕ್ರಯಪತ್ರಗಳನ್ನು ದಪ್ಪ ಪುಸ್ತಕಕ್ಕೆ ನಕಲು ಮಾಡಿದ ಗುಮಾಸ್ತೆ ನಾನು. ಯಾವ ಬೀದಿಯಲ್ಲಿ ಚದರ ಅಡಿಗೆ ಎಷ್ಟು ಬೆಲೆ, ಯಾವ ಮನೆಯ ಮೇಲೆ ಯಾರ ಸಾಲ, ಯಾವ ಅಣ್ಣತಮ್ಮಂದಿರು ಗೋಡೆಗಾಗಿ ಕಚ್ಚಾಡಿದರು, ಎಲ್ಲ ನನ್ನ ಬೆರಳ ತುದಿಯಲ್ಲಿತ್ತು. ಊರಿಗೆಲ್ಲ ಗೊತ್ತಿದ್ದ ಒಂದು ವಿಷಯ ಮಾತ್ರ ನನಗೆ ಗೊತ್ತಾಗಲಿಲ್ಲ. ಅದು ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಗಂಡ ಬಯ್ಯಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದ. ಎಂಬತ್ತೊಂಬತ್ತರಲ್ಲಿ ಕಂಬದ ಮೇಲಿದ್ದಾಗ ಯಾರೋ ಲೈನಿಗೆ ಕರೆಂಟು ಬಿಟ್ಟರು. ಪರಿಹಾರ ಅಂತ ಮೂವತ್ತಮೂರು ಸಾವಿರ ಬಂತು. ಆ ದುಡ್ಡನ್ನು ಮುಟ್ಟುವುದಕ್ಕೆ ಎರಡು ವರ್ಷ ನನಗೆ ಧೈರ್ಯವಾಗಲಿಲ್ಲ. ಆಮೇಲೆ ಒಂದು ದಿನ ಯೋಚನೆ ಬಂತು, ಇದನ್ನು ಮನೆಗೆ ಹಾಕಬೇಕು, ಬಾಡಿಗೆ ಬರುವ ಮನೆಗೆ. ನಾನು ಮನೆ ಕೇಳಿಕೊಂಡು ಯಾರ ಬಾಗಿಲಿಗೂ ಹೋಗಬಾರದು, ಬೇರೆಯವರು ಮನೆ ಕೇಳಿಕೊಂಡು ನನ್ನ ಬಾಗಿಲಿಗೆ ಬರಬೇಕು.

ಈ ಆಸೆಯ ಹಿಂದೆ ಒಂದು ಹಳೆಯ ಗಾಯವಿತ್ತು. ಕೆಲಸ ಸಿಕ್ಕ ಹೊಸದರಲ್ಲಿ ಗೌರಿಬಿದನೂರಿನಲ್ಲಿದ್ದೆ. ಅಲ್ಲಿ ಹನ್ನೊಂದು ಮನೆ ನೋಡಿದೆ. ಎಣಿಸಿಟ್ಟುಕೊಂಡಿದ್ದೇನೆ, ಹನ್ನೊಂದು. 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು, ಬಾಗಿಲಿಗೆ ಬಂದ ಹೆಂಗಸಿನ ನಗುಮುಖ, ಸರ್ಕಾರಿ ಕೆಲಸ ಎಂದು ಕೇಳಿ ಇನ್ನಷ್ಟು ಅರಳಿದ ನಗು, ಆಮೇಲೆ ಮೆಲ್ಲಗೆ ಆ ಪ್ರಶ್ನೆ. ನೀವು ಯಾವ ಜನ? ಊರಾಚೆಯ ಕಾಲೋನಿಯವರು ಎಂದರೆ ಸಾಕು, ಮನೆ ಆಗಲೇ ನೆಂಟರಿಗೆ ಕೊಟ್ಟಾಗಿರುತ್ತಿತ್ತು. ಕೊನೆಗೆ ತೊಂಡೇಬಾವಿಯ ಚಿಕ್ಕಮ್ಮ ಅಕ್ಕಯಮ್ಮನ ಮನೆಯಲ್ಲಿದ್ದು ದಿನಾ ರೈಲಿನಲ್ಲಿ ಓಡಾಡಿದೆ. ಶಿಡ್ಲಘಟ್ಟಕ್ಕೆ ವರ್ಗವಾದ ಮೇಲೆ ರೇಷ್ಮೆ ನೂಲು ತೆಗೆಯುವ ಒಬ್ಬ ಮುಸ್ಲಿಂ ರೀಲರ್ ತಮ್ಮ ಮನೆಯ ಹಿಂಭಾಗ ಕೊಟ್ಟರು. ಅವರು ಕೇಳಿದ್ದು ಅಡ್ವಾನ್ಸು ಎಷ್ಟು ಕೊಡುತ್ತೀರಿ ಎಂದು ಮಾತ್ರ. ಹಗಲೆಲ್ಲ ರೇಷ್ಮೆ ಗೂಡು ಬೇಯಿಸುವ ವಾಸನೆ, ಆದರೂ ನನಗೆ ಅದು ಅರಮನೆ. ಆ ಹನ್ನೊಂದನೇ ಮನೆಯ ಮೆಟ್ಟಿಲು ಇಳಿಯುವಾಗಲೇ ಶಪಥ ಮಾಡಿದ್ದೆ. ಗುರುತಿಲ್ಲದವರ ಹೊಸ್ತಿಲ ಮುಂದೆ ಇನ್ನು ನಿಲ್ಲುವುದಿಲ್ಲ, ಆ ಪ್ರಶ್ನೆಗೆ ಇನ್ನು ಕಿವಿ ಕೊಡುವುದಿಲ್ಲ.

ನಮ್ಮ ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ಪತ್ರ ಬರೆಯುವ ಗಂಗುಲಪ್ಪ ನನಗೆ ಗುರು. ಮೂವತ್ತು ವರ್ಷದಿಂದ ಬೇರೆಯವರ ಮನೆ ಮಾರಿಸಿ, ಕೊಳ್ಳಿಸಿ, ತಾನು ಮಾತ್ರ ಮಾವನ ಮನೆಯಲ್ಲಿದ್ದ ಮನುಷ್ಯ. ಅವನ ಲೆಕ್ಕ ಸರಳ. ತಿಂಗಳ ಬಾಡಿಗೆಯನ್ನು ನೂರಿಪ್ಪತ್ತರಿಂದ ಗುಣಿಸಬೇಕು, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಬಾರದು. ಬ್ಯಾಂಕಿನ ಕಂತು ಬಾಡಿಗೆಯೊಳಗೇ ತೀರಬೇಕು, ಸಂಬಳಕ್ಕೆ ಕೈ ಹಾಕುವಂತಾದರೆ ಅದು ಮನೆಯಲ್ಲ, ಮಾರಿ. ಹದಿಮೂರು ವರ್ಷದ ಋಣಭಾರ ಪತ್ರ ತೆಗೆಸಬೇಕು, ಖಾತೆ, ಕಂದಾಯದ ರಸೀತಿ ನೋಡಬೇಕು. ಕೊನೆಯದಾಗಿ ಇನ್ನೊಂದು ಹೇಳಿದ.

"ಪತ್ರ ಎಷ್ಟೇ ನೋಡಮ್ಮ, ಅದು ಪತ್ರ ಅಷ್ಟೇ. ಒಳಗೆ ಹೋಗಿ ಕೂತ್ಕೊ. ಇರೋರ ಕೈಲಿ ಒಂದು ಲೋಟ ನೀರು ಇಸ್ಕೊಂಡು ಕುಡಿ. ಅಷ್ಟೊತ್ತಿಗೆ ಮನೆ ವಿಷಯ ಎಲ್ಲಾ ಅವರೇ ಹೇಳ್ತಾರೆ."

ಒಳ್ಳೆಯ ಮಾತೇ. ಆದರೆ ಯಾರಿಗೆ ಹೇಳುತ್ತಿದ್ದೇನೆ ಎನ್ನುವುದು ಅವನಿಗೆ ಆ ಹೊತ್ತಿಗೆ ಮರೆತುಹೋಗಿತ್ತು. ನಾನು ನೆನಪಿಸಲಿಲ್ಲ.

ಸತ್ಯಮೂರ್ತಿ ಮೇಷ್ಟ್ರು ಚಿಕ್ಕಬಳ್ಳಾಪುರದಲ್ಲಿದ್ದರು, ಹೈಸ್ಕೂಲಿನಿಂದ ನಿವೃತ್ತರಾದವರು. ಶಿಡ್ಲಘಟ್ಟದಲ್ಲಿ ಅವರಿಗೆ ಮೂರು ಮನೆಗಳ ಒಂದು ವಠಾರವಿತ್ತು. ನಡುವೆ ಅಂಗಳ, ಒಂದು ನಲ್ಲಿ, ಒಂದು ಬಾವಿ. ಮಾರುವುದಿದೆ ಎಂದು ತಿಳಿದು ಕಾಗದ ಬರೆದೆ, ದುಂಡಗಿನ ಅಕ್ಷರದಲ್ಲಿ ಉತ್ತರ ಬಂತು. ಒಂದು ಭಾನುವಾರ ಅವರೇ ಬಂದರು. ವಠಾರದ ಮುಂದಿನ ಬೇವಿನ ಮರದ ಕೆಳಗೆ ಎದುರಿನ ಅಂಗಡಿಯಿಂದ ಕುರ್ಚಿ ತರಿಸಿ ನನ್ನನ್ನು ಕೂರಿಸಿದರು. ಕುರ್ಚಿ ಹಾಕಿಸಿದರಲ್ಲ ಎಂದೇ ನಾನು ಕರಗಿಹೋದೆ. ಬಾಡಿಗೆ ಪುಸ್ತಕ ತೆರೆದು ತೋರಿಸಿದರು. ಮನೆಗೆ ಮುನ್ನೂರರಂತೆ ತಿಂಗಳಿಗೆ ಒಂಬೈನೂರು, ಮೂರು ವರ್ಷದ್ದು, ಒಂದು ತಿಂಗಳೂ ತಪ್ಪಿಲ್ಲ. ಆ ಅಕ್ಷರ ನೋಡುತ್ತಿದ್ದರೆ ಕಣ್ಣಿಗೆ ಒತ್ತಿಕೊಳ್ಳಬೇಕು ಎನಿಸುತ್ತಿತ್ತು.

ಒಳಗೆ ಒಂದು ಸಲ ನೋಡಬಹುದೇ ಎಂದು ಕೇಳಿದೆ. ಅರ್ಧ ಮನಸ್ಸಿನಿಂದಲೇ ಕೇಳಿದ್ದು. ಮೇಷ್ಟ್ರು ದನಿ ತಗ್ಗಿಸಿದರು.

"ನೋಡಬಹುದು, ಧಾರಾಳವಾಗಿ ನೋಡಬಹುದು. ಆದ್ರೆ ಇಲ್ಲಿ ಇರೋರು ಸ್ವಲ್ಪ ಹಳೇ ಕಾಲದೋರು ಅನಸೂಯಮ್ಮ. ಕೇಳಬಾರದ್ದು ಕೇಳಿಬಿಡ್ತಾರೆ. ನಿಮ್ಮ ಮನಸ್ಸಿಗೆ ಯಾಕೆ ನೋವು ಅಂತ."

ಎಷ್ಟು ಸೂಕ್ಷ್ಮದ ಮನುಷ್ಯ ಎಂದುಕೊಂಡೆ. ಇದನ್ನು ಬರೆಯುವಾಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ. ಹೊರಗಿನಿಂದಲೇ ಗೋಡೆ ನೋಡಿದೆ, ಹೆಂಚು ನೋಡಿದೆ, ಹಿತ್ತಲಿನ ಚರಂಡಿ ನೋಡಿದೆ. ಕಿಟಕಿಯಲ್ಲಿ ಒಬ್ಬ ಹೆಂಗಸಿನ ಮುಖ ಕಂಡಾಗ ತಲೆ ಬೇರೆ ಕಡೆ ತಿರುಗಿಸಿದೆ.

ಒಂಬೈನೂರನ್ನು ನೂರಿಪ್ಪತ್ತರಿಂದ ಗುಣಿಸಿದರೆ ಒಂದು ಲಕ್ಷದ ಎಂಟು ಸಾವಿರ. ಅಷ್ಟಕ್ಕೇ ಮುಗಿಯಿತು. ಬಯ್ಯಪ್ಪನ ಮೂವತ್ತಮೂರು ಸಾವಿರ, ನನ್ನ ಬಳೆ ಸರ ಮಾರಿದ ಹದಿನೈದು ಸಾವಿರ, ಉಳಿದ ಅರವತ್ತು ಸಾವಿರ ಬ್ಯಾಂಕಿನ ಸಾಲ. ತಿಂಗಳಿಗೆ ಎಂಟುನೂರ ಎಂಬತ್ತು ಕಂತು, ಹತ್ತು ವರ್ಷ. ಬಾಡಿಗೆ ಬಂದು ಕಂತು ಹೋದರೆ ಇಪ್ಪತ್ತು ರೂಪಾಯಿ ಉಳಿಯುತ್ತದೆ, ಹತ್ತು ವರ್ಷವಾದ ಮೇಲೆ ಪೂರ್ತಿ ಒಂಬೈನೂರೂ ನನ್ನದು. ನನ್ನ ಸಂಬಳ ಸಾವಿರದ ಒಂಬೈನೂರು, ಒಂಬತ್ತನೇ ಕ್ಲಾಸಿನ ಮಗಳನ್ನು ಅದರಲ್ಲೇ ಓದಿಸಬೇಕು. ಹೊಸಬಳ ಲೆಕ್ಕ. ಆದರೂ ಕಾಗದದ ಮೇಲೆ ಅದರಲ್ಲಿ ತಪ್ಪಿರಲಿಲ್ಲ.

ನಮ್ಮ ಕಚೇರಿಯಲ್ಲೇ ನೋಂದಣಿಯಾಯಿತು. 'ಅನಸೂಯಮ್ಮ ಕೋಂ ಲೇಟ್ ಬಯ್ಯಪ್ಪ' ಎಂದು ನನ್ನ ಸಹೋದ್ಯೋಗಿ ಪುಸ್ತಕದಲ್ಲಿ ಬರೆಯುವಾಗ ಪಕ್ಕದಲ್ಲೇ ನಿಂತು ನೋಡಿದೆ. ಕಣ್ಣು ತುಂಬಿತ್ತು. ಮೊದಲ ತಿಂಗಳ ಬಾಡಿಗೆ ನಾನೇ ವಸೂಲು ಮಾಡಿ ಕಳಿಸುತ್ತೇನೆ, ಇರುವವರಿಗೆ ಸಮಾಧಾನವಾಗಿ ವಿಷಯ ತಿಳಿಸಬೇಕಲ್ಲ ಎಂದು ಮೇಷ್ಟ್ರು ಹೇಳಿ ಹೋದರು. ಆ ಬಾಡಿಗೆ ಬರಲಿಲ್ಲ. ಕಂತನ್ನು ಸಂಬಳದಿಂದ ಕಟ್ಟಿದೆ. ಎರಡನೇ ತಿಂಗಳು ಐದನೇ ತಾರೀಕು ನಾನೇ ಹೊರಟೆ.

ದಾರಿಯುದ್ದಕ್ಕೂ ಉತ್ತರ ಸಿದ್ಧ ಮಾಡಿಕೊಂಡೆ. ಯಾವ ಜನ ಎಂದು ಕೇಳಿದರೆ, ಮನೆಯ ಯಜಮಾನಿ ಜನ ಎನ್ನಬೇಕು. ಇಷ್ಟವಿಲ್ಲದವರು ಖಾಲಿ ಮಾಡಬಹುದು ಎನ್ನಬೇಕು. ಮೊದಲ ಮನೆಯ ಬಾಗಿಲು ತಟ್ಟಿದೆ. ಕಿಟಕಿಯಲ್ಲಿ ಕಂಡಿದ್ದ ಹೆಂಗಸೇ ಬಂದರು. ಜಾನಕಮ್ಮ ಎಂದು ಹೆಸರು, ಗುಮಾಸ್ತರೊಬ್ಬರ ವಿಧವೆ. ನಾನು ಹೊಸ ಓನರು ಎಂದೆ. ಅವರು ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡರು. ಚಾಪೆ ಹಾಕಿದರು, ನೀರು ಕೊಟ್ಟರು, ಎದುರಿಗೆ ಕೂತು ಕೇಳಿದರು.

"ಬಂದ್ರಲ್ಲ ಸದ್ಯ. ನಮ್ಮ ಭೋಗ್ಯದ ದುಡ್ಡು ಯಾವಾಗ ಕೊಡ್ತೀರಮ್ಮ?"

ಇಷ್ಟು ವರ್ಷ ಹೆದರಿದ್ದು ಒಂದು ಪ್ರಶ್ನೆಗೆ, ಬಂದದ್ದು ಇನ್ನೊಂದು. ಯಾವ ಭೋಗ್ಯ ಎಂದೆ. ಅವರು ಟ್ರಂಕಿನಿಂದ ಛಾಪಾ ಕಾಗದ ತಂದು ತೋರಿಸಿದರು. ಅದೇ ದುಂಡಗಿನ ಅಕ್ಷರ. ಜಾನಕಮ್ಮ ಹದಿನೈದು ಸಾವಿರ ಮುಂಗಡವಾಗಿ ಕೊಟ್ಟಿದ್ದಾರೆ, ಮೂರು ವರ್ಷ ಬಾಡಿಗೆಯಿಲ್ಲದೆ ಇರತಕ್ಕದ್ದು, ಅವಧಿ ಮುಗಿದ ಮೇಲೆ ಆ ಹಣ ಪೂರ್ತಿ ವಾಪಸು ಪಡೆದು ಮನೆ ಬಿಡತಕ್ಕದ್ದು. ಪಕ್ಕದ ಮನೆಯಿಂದ ಗೂಡಿನ ಮಾರುಕಟ್ಟೆಯಲ್ಲಿ ತೂಕ ಮಾಡುವ ನಲ್ಲಪ್ಪ ಬಂದ, ಅವನ ಕೈಯಲ್ಲೂ ಅಂಥದ್ದೇ ಕಾಗದ. ಬಳೆ ಅಂಗಡಿಯ ವೆಂಕಟರತ್ನಮ್ಮನ ಕೈಯಲ್ಲಿ ಮೂರನೆಯದು. ಒಟ್ಟು ನಲವತ್ತೈದು ಸಾವಿರ. ಬಾಡಿಗೆ ಎನ್ನುವುದು ಆ ವಠಾರದಲ್ಲಿ ಯಾವತ್ತೂ ಇರಲೇ ಇಲ್ಲ. ಭೋಗ್ಯವನ್ನು ಯಾರೂ ನೋಂದಣಿ ಮಾಡಿಸುವುದಿಲ್ಲವಾದ್ದರಿಂದ ನನ್ನ ಹದಿಮೂರು ವರ್ಷದ ಋಣಭಾರ ಪತ್ರದಲ್ಲಿ ಅದು ಹುಳದಷ್ಟೂ ಕಾಣಲಿಲ್ಲ. ಭೋಗ್ಯಕ್ಕಿರುವ ಮನೆ ಕೊಳ್ಳುವವರು ಆ ಮೊತ್ತವನ್ನು ಬೆಲೆಯಲ್ಲಿ ಮುರಿದುಕೊಂಡು ಕೊಡುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ. ನಾನು ಮುರಿದುಕೊಂಡಿರಲಿಲ್ಲ. ಮೇಷ್ಟ್ರು ಅವರಿಂದ ನಲವತ್ತೈದು ಸಾವಿರ, ನನ್ನಿಂದ ಒಂದು ಲಕ್ಷದ ಎಂಟು ಸಾವಿರ ಎಣಿಸಿಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ್ದರು.

ಜಾನಕಮ್ಮನ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಮಗಳ ಮದುವೆಗೆ ಆ ಹಣ ಬೇಕಿತ್ತು. ಕೇಳಿದಾಗಲೆಲ್ಲ ಮೇಷ್ಟ್ರು, ಹೊಸ ಓನರ್ ಬಂದು ಕೊಡುತ್ತಾರೆ ಎಂದಿದ್ದರಂತೆ.

"ಅವತ್ತು ಮರದ ಕೆಳಗೆ ಕೂತಿದ್ರಲ್ಲ, ಮಾತಾಡಿಸೋಣ ಅಂತ ಕಿಟಕಿಗೆ ಬಂದೆ. ನೀವು ಮುಖ ತಿರುಗಿಸಿಬಿಟ್ರಿ. ದೊಡ್ಡೋರು, ನಮ್ಮಂಥೋರ ಹತ್ರ ಮಾತಾಡಲ್ಲ ಅಂದ್ಕೊಂಡೆ" ಎಂದರು ಜಾನಕಮ್ಮ.

ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಅಂಗಳ ದಾಟುವುದಕ್ಕೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ನಾನು ಇಡುವುದಿಲ್ಲ ಎಂದು ಆ ಮನುಷ್ಯನಿಗೆ ಗೊತ್ತಿತ್ತು. ನಮ್ಮವರ ಮೇಲೆ ಊರು ಹಾಕಿದ ಬರೆಯನ್ನು ನೋಡಿ, ಅದು ಎಲ್ಲಿ ನೋಯುತ್ತದೆ ಎಂದು ಅಳೆದು, ಸರಿಯಾಗಿ ಅಲ್ಲೇ ಬೆರಳಿಟ್ಟ. ಸಾಲದ್ದಕ್ಕೆ ನೋವಾಗಬಾರದು ಎಂದು ಹೇಳಿದ. ಈಡಿಗ, ಕುರುಬ, ಒಕ್ಕಲಿಗ ಯಾರು ಕೊಳ್ಳಲು ಬಂದಿದ್ದರೂ ಸೀದಾ ಒಳಗೆ ನುಗ್ಗಿ ಅಟ್ಟದವರೆಗೂ ನೋಡಿರುತ್ತಿದ್ದರು. ಅದಕ್ಕೇ ಅವನಿಗೆ ನಾನೇ ಬೇಕಾಗಿತ್ತು.

ಗಂಗುಲಪ್ಪ ಎಲ್ಲ ಕೇಳಿ ತಲೆ ಮೇಲೆ ಕೈ ಹೊತ್ತ. ಕೋರ್ಟಿಗೆ ಹಾಕಬಹುದು, ಗೆಲ್ಲಲೂಬಹುದು, ಆದರೆ ಅಷ್ಟೊತ್ತಿಗೆ ನನ್ನ ಮಗಳ ಮಕ್ಕಳಿಗೆ ಮದುವೆಯಾಗಿರುತ್ತದೆ ಎಂದ. ಅಲ್ಲಿಯವರೆಗೆ ಬ್ಯಾಂಕಿನ ಕಂತು ನಿಲ್ಲುವುದಿಲ್ಲ, ಜಾನಕಮ್ಮನ ಮಗಳ ಮದುವೆಯೂ ನಿಲ್ಲುವಂತಿಲ್ಲ. ಆ ಮೂವರೂ ವಠಾರ ಯಾರ ಹೆಸರಿನಲ್ಲಿದೆಯೋ ಅವರನ್ನೇ ಕೇಳುತ್ತಾರೆ. ವಠಾರವನ್ನೇ ಮಾರಿ ಅವರಿಗೂ ಬ್ಯಾಂಕಿಗೂ ತೀರಿಸಿದರೆ ಕಳೆದುಹೋಗುವುದು ನನ್ನ ನಲವತ್ತೆಂಟು ಸಾವಿರದಲ್ಲಿ ನಲವತ್ತೈದು. ಎಂದರೆ ನನ್ನ ಬಳೆ, ಬಯ್ಯಪ್ಪನ ಜೀವ.

ಮುಂದಿನ ಭಾನುವಾರ ಬೆಳಗಿನ ಬಸ್ಸಿಗೇ ಚಿಕ್ಕಬಳ್ಳಾಪುರಕ್ಕೆ ಹೋದೆ. ಜಾನಕಮ್ಮ ಕೊಟ್ಟ ಗುರುತು ಹಿಡಿದು ಮನೆ ಹುಡುಕಿದೆ. ಮೇಷ್ಟ್ರು ಒದ್ದೆ ಪಂಚೆಯಲ್ಲಿ ಬಾಗಿಲಿಗೆ ಬಂದರು. ನನ್ನನ್ನು ಕಂಡು ಗಾಬರಿಯಾಗಲಿಲ್ಲ, ಬೇಸರಪಟ್ಟುಕೊಂಡರು. ಜಗಲಿಯ ಮೇಲಿದ್ದ ಕುರ್ಚಿ ತೋರಿಸಿದರು. ಇವತ್ತು ತಂದೆಯವರ ತಿಥಿ, ಪುರೋಹಿತರು ಬರುವ ಹೊತ್ತು, ನಾಳೆ ಬನ್ನಿ ಎಂದರು. ತಿಥಿ ಎಂದು ಮೊದಲೇ ಗೊತ್ತಿದ್ದರೆ ನಾನು ಬರುತ್ತಿರಲಿಲ್ಲ. ಸತ್ತವರ ದಿನದಲ್ಲಿ ಜಗಳ ಮಾಡಬಾರದು ಎನ್ನುವಷ್ಟು ಸಂಸ್ಕಾರ ನನ್ನ ಅಪ್ಪ ಮುನಿಶಾಮಿಯೂ ಕಲಿಸಿದ್ದ. ಆದರೆ ಬಂದಾಗಿತ್ತು. ನಿಂತೇ ಕೇಳಿದೆ. ಭೋಗ್ಯದ ವಿಷಯ ಯಾಕೆ ಮುಚ್ಚಿಟ್ಟಿರಿ?

"ಮುಚ್ಚಿಟ್ಟೆ ಅಂತ ಯಾಕಮ್ಮ ಅಂತೀರ? ನೀವು ಒಳಗೆ ಹೋಗಿ ವಿಚಾರಿಸಬಹುದಿತ್ತು. ನಾನು ಬಾಗಿಲಿಗೆ ಅಡ್ಡ ನಿಂತಿದ್ನಾ?"

ಇಲ್ಲ, ನಿಂತಿರಲಿಲ್ಲ. ಅಡ್ಡ ನಿಂತದ್ದು ನನ್ನೊಳಗೇ ಇತ್ತು, ಅವರು ಅದಕ್ಕೆ ಚಿಲಕ ಹಾಕಿದ್ದರು ಅಷ್ಟೇ. ಈಗಲೂ ಅವರು ಬಾಗಿಲಿಗೆ ಅಡ್ಡವಾಗಿ ನಿಂತಿರಲಿಲ್ಲ. ಒಂದು ಪಕ್ಕಕ್ಕೆ ಇದ್ದರು, ನಾನು ಬರುವುದಿಲ್ಲ ಎಂಬ ಅದೇ ಭರವಸೆಯಲ್ಲಿ. ಚಪ್ಪಲಿ ಬಿಟ್ಟೆ. ಕುರ್ಚಿ ದಾಟಿದೆ. ಹೊಸ್ತಿಲು ದಾಟಿ ನಡುಮನೆಗೆ ಹೋಗಿ, ಗೋಡೆಗೆ ಒರಗಿ, ತಿಥಿಗೆಂದು ಸಾರಿಸಿ ಮಡಿ ಮಾಡಿದ್ದ ನೆಲದ ಮೇಲೆ ಕೂತುಬಿಟ್ಟೆ.

ಅಡಿಗೆಮನೆಯಿಂದ ಅವರ ಹೆಂಡತಿ ಪದ್ಮಮ್ಮ ಮಡಿ ಸೀರೆಯಲ್ಲಿ ಬಂದು ಬಾಗಿಲಲ್ಲೇ ನಿಂತರು. ನಾನು ಚೀಲದಿಂದ ಕ್ರಯಪತ್ರ ತೆಗೆದೆ. ಒಂಬತ್ತು ವರ್ಷ ನಕಲು ಮಾಡಿದ ಸಾಲು, ಬಾಯಿಪಾಠವಾಗಿತ್ತು, ಆದರೂ ಓದಿದೆ. ಸದರಿ ಸ್ವತ್ತಿನ ಮೇಲೆ ಯಾವುದೇ ಸಾಲ, ಭೋಗ್ಯ, ಋಣಭಾರ ಇರುವುದಿಲ್ಲ, ಇದ್ದಲ್ಲಿ ನಾನೇ ಸ್ವಂತ ಖರ್ಚಿನಿಂದ ತೀರಿಸಿಕೊಡತಕ್ಕವನು. ಕೆಳಗೆ ಅವರ ರುಜು. ಪದ್ಮಮ್ಮ ಗಂಡನ ಮುಖ ನೋಡಿದರು. ಅವರಿಗೂ ಇದು ಹೊಸ ಸುದ್ದಿ ಎಂದು ನನಗೆ ಅನಿಸಿತು.

"ದುಡ್ಡು ಬ್ಯಾಂಕಲ್ಲಿ ಇದೆ ಅಂತ ಗೊತ್ತು ಸಾರ್. ನಲವತ್ತೈದು ಸಾವಿರಕ್ಕೆ ಚೆಕ್ಕು ಬರೀರಿ. ಬರೆಯೋ ತನಕ ನಾನು ಇಲ್ಲೇ ಕೂತಿರ್ತೀನಿ. ನನಗೇನೂ ಆತುರ ಇಲ್ಲ" ಎಂದೆ.

ಪೊಲೀಸರನ್ನು ಕರೆಸುತ್ತೇನೆ ಎಂದರು. ಕರೆಸಿ, ಅವರೂ ಒಳಗೇ ಬರುತ್ತಾರೆ ಎಂದೆ. ನನ್ನ ಸರ್ಕಾರಿ ಕೆಲಸದ ಬಗ್ಗೆ ಏನೋ ಹೇಳಹೊರಟರು, ಅರ್ಧಕ್ಕೇ ನುಂಗಿಕೊಂಡರು. ಬೀದಿಯ ಕೊನೆಯಲ್ಲಿ ಪುರೋಹಿತರು ಮಾತಾಡಿಕೊಂಡು ಬರುವುದು ಕೇಳಿಸುತ್ತಿತ್ತು.

"ಬರೆದುಕೊಡಿ" ಎಂದರು ಪದ್ಮಮ್ಮ. "ಕೊಡಬೇಕಾದ್ದೇ ತಾನೆ."

ಆ ಮಾತು ಕೇಳಿ ನನ್ನ ಎದೆ ಒಂದು ಗಳಿಗೆ ಮೆತ್ತಗಾಯಿತು. ಈ ಮನೆಯಲ್ಲಿ ಒಬ್ಬರಾದರೂ ಇದ್ದಾರಲ್ಲ ಎನಿಸಿತು. ಮೇಷ್ಟ್ರು ಬೀರುವಿನಿಂದ ಚೆಕ್ಕು ಪುಸ್ತಕ ತಂದು ಬರೆದರು, ಆ ದುಂಡಗಿನ ಅಕ್ಷರ ಮೊದಲ ಸಲ ಸೊಟ್ಟಗಾಗಿತ್ತು. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ವಾಪಸು ಬಂದರೆ ಜೈಲು ಎಂದು ಎರಡು ವರ್ಷದ ಹಿಂದೆ ಕಾನೂನು ಬಂದಿದೆ ಎಂದು ಜ್ಞಾಪಿಸಿದೆ. ಅವರು ಚೆಕ್ಕನ್ನು ನನ್ನ ಕೈಗೆ ಕೊಡಲಿಲ್ಲ, ನನ್ನ ಮುಂದೆ ನೆಲದ ಮೇಲೆ ಇಟ್ಟರು. ಒಂದು ಲಕ್ಷದ ಎಂಟು ಸಾವಿರ ನನ್ನ ಕೈಯಿಂದಲೇ ತೆಗೆದುಕೊಂಡಿದ್ದರು, ಆಗ ಯಾವ ಮಡಿಯೂ ಅಡ್ಡ ಬಂದಿರಲಿಲ್ಲ. ಇರಲಿ ಎಂದು ಎತ್ತಿಕೊಂಡೆ. ನ್ಯಾಯಕ್ಕೆ, ಕಾಗದಕ್ಕೆ, ರುಜುವಿಗೆ ಹೆದರದ ಮನುಷ್ಯ ನಾನು ನೆಲದ ಮೇಲೆ ಕೂತಿದ್ದಕ್ಕೆ ಹೆದರಿದ. ನಾನು ಎದ್ದುಹೋಗುವುದಕ್ಕೆ ಅವನು ಕಟ್ಟಿದ ಬೆಲೆ ನಲವತ್ತೈದು ಸಾವಿರ. ಇದಕ್ಕೆ ನಗಬೇಕೋ ಉಗಿಯಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಚಪ್ಪಲಿ ಮೆಟ್ಟಿ ಎರಡು ಮೆಟ್ಟಿಲು ಇಳಿದಿದ್ದೆ, ಅಷ್ಟೇ. ಹಿಂದಿನಿಂದ ನೆಲಕ್ಕೆ ನೀರು ಸುರಿದ ಸದ್ದು ಬಂತು. ತಿರುಗಿ ನೋಡಿದೆ. ಪದ್ಮಮ್ಮ ಬಿಂದಿಗೆ ಬಗ್ಗಿಸಿ ನಾನು ಕೂತಿದ್ದ ಜಾಗಕ್ಕೆ ನೀರು ಸುರಿಯುತ್ತಿದ್ದರು. ಪೊರಕೆ ಆಗಲೇ ಕೈಯಲ್ಲಿತ್ತು. ನಾನು ಬೀದಿ ತಿರುಗುವವರೆಗೂ ಅವರು ಕಾಯಲಿಲ್ಲ.

ಚೆಕ್ಕು ಸಿಕ್ಕಿತಲ್ಲ, ಹೋಗಿಬಿಡು ಎಂದಿತು ಮನಸ್ಸು. ಹನ್ನೊಂದು ಸಲವೂ ಅದು ಹಾಗೆಯೇ ಹೇಳಿತ್ತು. ಮತ್ತೆ ಚಪ್ಪಲಿ ಬಿಟ್ಟೆ, ಮತ್ತೆ ಹೊಸ್ತಿಲು ದಾಟಿದೆ. ಒದ್ದೆ ನೆಲದ ಮೇಲೆ ನನ್ನ ಮಣ್ಣು ಮೆತ್ತಿದ ಹೆಜ್ಜೆ ಒಂದೊಂದಾಗಿ ಮೂಡಿತು.

"ಮರೆತಿದ್ದೆ ಸಾರ್. ತಿಂಗಳಿಗೆ ಒಂಬೈನೂರು ಬಾಡಿಗೆ ಅಂತ ಹೇಳಿದ್ರಿ. ಎರಡು ತಿಂಗಳದ್ದು ಬಂದಿಲ್ಲ. ಸಾವಿರದ ಎಂಟುನೂರು."

ಪುರೋಹಿತರು ಗೇಟಿನ ಹತ್ತಿರ ನಿಂತುಬಿಟ್ಟಿದ್ದರು. ಮೇಷ್ಟ್ರು ಒಳಗಿನಿಂದ ನೋಟುಗಳನ್ನು ತಂದು ನೆಲದ ಮೇಲೆ ಇಡಲು ಬಗ್ಗಿದರು. ನೆಲ ಒದ್ದೆ ಇತ್ತು. ನಾನು ಕೈ ಚಾಚಿದೆ, ಚಾಚಿಕೊಂಡೇ ನಿಂತೆ. ಅವರು ನನ್ನ ಕೈಗೇ ಕೊಟ್ಟರು.

ಎಣಿಸಿದೆ, ಸರಿಯಾಗಿತ್ತು. ಪದ್ಮಮ್ಮನ ಬಿಂದಿಗೆ ಖಾಲಿಯಾಗಿತ್ತು, ಇನ್ನೊಂದು ಸಲ ಬಾವಿಯಿಂದ ಸೇದಬೇಕಿತ್ತು. ಸೇದಿಕೊಳ್ಳಲಿ ಎಂದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ.